ಎರಡನೇ ಪಿಟೀಲಿನ ಕುರ್ಚಿ

ವತ್ಸಲಾಳಿಗೆ ಓದಲು ಬರುತ್ತಿರಲಿಲ್ಲ. ಗಣಿತದಲ್ಲಿ ಎಂ.ಎಸ್ಸಿ. ಮಾಡಿದ್ದಳು. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ, ತರಕಾರಿಯವರ ಹತ್ತಿರ ಸ್ವಾಹಿಲಿ, ಬ್ಯಾಂಕಿನಲ್ಲಿ ಇಂಗ್ಲಿಷು ಆಡುತ್ತಿದ್ದಳು. ಆದರೆ ಐದು ಗೆರೆಗಳ ಮೇಲೆ ಕಪ್ಪು ಚುಕ್ಕೆಗಳು ಕೂತ ಹಾಳೆಯನ್ನು ಮುಂದಿಟ್ಟರೆ ಐವತ್ತೆಂಟು ವರ್ಷದ ಈ ಹೆಂಗಸು ನಿರಕ್ಷರಿ. ನೈರೋಬಿಯ ಹವ್ಯಾಸಿ ವಾದ್ಯವೃಂದವೊಂದರಲ್ಲಿ, ಎರಡನೇ ಪಿಟೀಲಿನವರ ಸಾಲಿನಲ್ಲಿ, ಅವಳು ಮೂರು ವರ್ಷದಿಂದ ಕೂರುತ್ತಿದ್ದಳು. ಅಲ್ಲಿನ ನಲವತ್ತು ಜನರಲ್ಲಿ ಒಬ್ಬರಿಗೂ ಈ ವಿಷಯ ಗೊತ್ತಿಲ್ಲ ಎಂದು ನಂಬಿದ್ದಳು.

ಸೇರುವಾಗ ಒಂದು ಅರ್ಜಿ ತುಂಬಬೇಕಿತ್ತು. ‘ಲಿಪಿ ಓದುವ ಸಾಮರ್ಥ್ಯ’ ಎಂಬ ಕಡೆ ಮೂರು ಚೌಕಗಳಿದ್ದವು: ಉತ್ತಮ, ಸಾಧಾರಣ, ಇಲ್ಲ. ಅವಳು ‘ಸಾಧಾರಣ’ಕ್ಕೆ ಗುರುತು ಹಾಕಿದಳು. ಅದು ಸುಳ್ಳು. ಅದಕ್ಕೆ ಬೇರೆ ಹೆಸರು ಹುಡುಕುವ ಅಗತ್ಯವಿಲ್ಲ.

ಅವಳು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಎಂಟನೆಯ ವರ್ಷದಿಂದ ಚಾಪೆಯ ಮೇಲೆ ಕೂತು, ಪಿಟೀಲಿನ ತಲೆಯನ್ನು ಪಾದದ ಮೇಲಿಟ್ಟು ಕಲಿತವಳು. ಆಕಾಶವಾಣಿಯ ಪರೀಕ್ಷೆ ಮುಗಿಸಿ ಹತ್ತು ವರ್ಷ ಗಾಯಕಿಯರಿಗೆ ಪಕ್ಕವಾದ್ಯ ನುಡಿಸಿದಳು. ಪಕ್ಕವಾದ್ಯದವರ ವಿದ್ಯೆಯೇ ಬೇರೆ. ಹಾಡುವವರು ಎಲ್ಲಿಗೆ ಹೋಗುತ್ತಾರೋ ಮೊದಲೇ ಗೊತ್ತಿರುವುದಿಲ್ಲ. ಅವರ ಉಸಿರು ನೋಡಿಕೊಂಡು ಅರೆಕ್ಷಣ ಹಿಂದೆ ಹೋಗಬೇಕು, ಹಿಂದೆ ಇದ್ದೇವೆಂದು ಕೇಳುವವರಿಗೆ ಗೊತ್ತಾಗಬಾರದು. ಗಂಡ ತ್ರಿವಿಕ್ರಮ ಮೊಂಬಾಸಾ ರಸ್ತೆಯ ಔಷಧಿ ಕಾರ್ಖಾನೆಯೊಂದಕ್ಕೆ ಗುಣಮಟ್ಟದ ಮುಖ್ಯಸ್ಥನಾಗಿ ಬಂದಾಗ ಅವಳೂ ಬಂದಳು. ಕಿಲಿಮಾನಿ ಬಡಾವಣೆಯ ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಪಾಠ ಶುರುಮಾಡಿದಳು. ಹದಿನಾಲ್ಕು ಮಕ್ಕಳು ಬರುತ್ತಿದ್ದರು. ಅವಳ ಕೈಯಲ್ಲಿ ಬೈಸಿಕೊಳ್ಳದ ಮಗು ಇರಲಿಲ್ಲ.

ವಾದ್ಯವೃಂದಕ್ಕೆ ಕರೆದುಕೊಂಡು ಹೋದವನು ಡೆಂಜಿಲ್. ಗೋವಾ ಮೂಲದವನು, ಆದರೆ ಅವನ ಅಜ್ಜನೇ ನೈರೋಬಿಗೆ ಬಂದಿದ್ದ, ಬ್ಯಾಂಡಿನಲ್ಲಿ ಕಾರ್ನೆಟ್ ಊದಲು. ಡೆಂಜಿಲ್ ಶಾಲೆಯಲ್ಲಿ ಸಂಗೀತದ ಮೇಷ್ಟರಾಗಿದ್ದು ನಿವೃತ್ತನಾದವನು, ಎಪ್ಪತ್ತೊಂದು ವರ್ಷ. ಕನ್ನಡದವರ ಯಾವುದೋ ಸಮಾರಂಭದಲ್ಲಿ ಅವಳ ಪಿಟೀಲು ಕೇಳಿ, ಮುಗಿದ ಮೇಲೆ ಬಂದು ಕೊಂಕಣಿಯಲ್ಲಿ, ತಂಗಿಯನ್ನು ಕರೆಯುವ ಹಾಗೆ, “ಬಾಯ್, ಈ ಕೈಯನ್ನ ಮಕ್ಕಳ ಮೇಲೆ ಖರ್ಚು ಮಾಡ್ತಾ ಇದೀಯಲ್ಲ!” ಎಂದಿದ್ದ. ಕುರ್ಚಿಯ ಮೇಲೆ ಕೂತು, ಪಿಟೀಲನ್ನು ಗದ್ದದ ಕೆಳಗೆ ಹಿಡಿಯುವುದನ್ನು ಅವನೇ ಹೇಳಿಕೊಟ್ಟ. ಕೋಲು ಬೀಸಿ ವೃಂದವನ್ನು ನುಡಿಸುತ್ತಿದ್ದ ಆಗಿನ ಸಂಚಾಲಕರು ವಯಸ್ಸಾದವರು. ಅವಳು ನುಡಿಸಿದ್ದನ್ನು ಎರಡು ನಿಮಿಷ ಕೇಳಿ ಡೆಂಜಿಲ್‌ನ ಪಕ್ಕ ಕೂರಿಸಿದರು.

ಅವಳ ಕೆಲಸದ ಕ್ರಮ ಹೀಗಿತ್ತು. ಭಾನುವಾರದ ಅಭ್ಯಾಸದಲ್ಲಿ ಫೋನನ್ನು ಧ್ವನಿಮುದ್ರಣಕ್ಕೆ ಹಚ್ಚಿ ಡೆಂಜಿಲ್‌ನ ಕುರ್ಚಿಯ ಕಾಲಿನ ಹತ್ತಿರ ಇಡುವಳು. ಸೋಮವಾರ ಅದನ್ನು ಕೇಳಿ, ಅವನು ನುಡಿಸಿದ್ದನ್ನೆಲ್ಲ ಸರಿಗಮದಲ್ಲಿ, ಕನ್ನಡ ಅಕ್ಷರದಲ್ಲಿ, ಒಂದು ನೋಟುಪುಸ್ತಕಕ್ಕೆ ಇಳಿಸುವಳು. ಬುಧವಾರದ ಹೊತ್ತಿಗೆ ಪುಸ್ತಕವೂ ಬೇಕಾಗುತ್ತಿರಲಿಲ್ಲ. ಸಂಚಾಲಕರು “ಮೂವತ್ತನೇ ಬಾರ್‌ನಿಂದ” ಎಂದರೆ ಎಲ್ಲರೂ ಹಾಳೆಯಲ್ಲಿ ಮೂವತ್ತನೇ ಅಂಕಣ ಹುಡುಕುತ್ತಿದ್ದರು. ಅವಳು ಡೆಂಜಿಲ್‌ನ ಕಮಾನು ನೋಡುತ್ತಿದ್ದಳು. ಎರಡು ಸ್ವರ ಕಿವಿಗೆ ಬಿದ್ದರೆ ಸಾಕು, ಮೂರನೆಯದಕ್ಕೆ ಅವಳು ಅಲ್ಲಿರುತ್ತಿದ್ದಳು.

ಈ ಕ್ರಮದಲ್ಲಿ ಒಂದೇ ಒಂದು ದೋಷವಿತ್ತು. ಡೆಂಜಿಲ್ ತಪ್ಪು ನುಡಿಸಿದರೆ ಅವಳೂ ಅದೇ ತಪ್ಪನ್ನು, ಅವನಿಗಿಂತ ಸ್ಪಷ್ಟವಾಗಿ, ನುಡಿಸುತ್ತಿದ್ದಳು.

ಹೊಸ ಸಂಚಾಲಕಿ ಡಾಕ್ಟರ್ ಕೆರುಬೊ ಬಂದದ್ದು ಜನವರಿಯಲ್ಲಿ. ಪಶ್ಚಿಮ ಕೀನ್ಯಾದ ಕಿಸಿಯ ಕಡೆಯವಳು, ನಲವತ್ತರ ಆಚೀಚೆ, ಅಮೆರಿಕದಲ್ಲಿ ಸಂಗೀತದಲ್ಲಿ ಡಾಕ್ಟರೇಟ್ ಮಾಡಿ ಬಂದು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಳು. ಮೊದಲ ದಿನವೇ ಕಾರ್ಯಕ್ರಮ ಹೇಳಿದಳು: ಜೂನ್‌ನಲ್ಲಿ, ರಾಯಭಾರ ಕಚೇರಿಗಳಿರುವ ಗಿಗಿರಿಯ ಸಭಾಂಗಣವೊಂದರಲ್ಲಿ, ಅಮೆರಿಕದ ಸಂಗೀತದ ಒಂದು ಸಂಜೆ.

“ಅಮೆರಿಕದ ಸಂಗೀತ ಅಂತ ಒಂದು ವಸ್ತು ಇಲ್ಲ,” ಎಂದಳು. “ಹತ್ತಿಯ ಹೊಲದಲ್ಲಿ ಗುಲಾಮರು ಹಾಡಿದ್ದು, ಬೆಟ್ಟದ ಮೇಲೆ ಸ್ಕಾಟ್‌ಲೆಂಡಿನ ಬಡವರು ಪಿಟೀಲಿನಲ್ಲಿ ಉಳಿಸಿಕೊಂಡದ್ದು, ಚರ್ಚಿನದು, ಹೆಂಡದಂಗಡಿಯ ಪಿಯಾನೋದ್ದು. ಇವೆಲ್ಲ ಒಂದೇ ಮನೆಯಲ್ಲಿ ಜಗಳವಾಡಿಕೊಂಡು ಬೆಳೆದ ಮಕ್ಕಳು. ದೊಡ್ಡ ಸಭಾಂಗಣಕ್ಕೆ ಬರೆದವರು ಈ ಮಕ್ಕಳಿಂದ ಕದ್ದರು. ಮಕ್ಕಳೂ ಅವರಿಂದ ಕದ್ದರು. ನಾವು ಐದು ತುಣುಕು ನುಡಿಸ್ತೀವಿ. ಐದಕ್ಕೂ ಒಂದೇ ಕೈ ಇಟ್ಟುಕೊಂಡು ಬಂದವರನ್ನ ಮನೆಗೆ ಕಳಿಸ್ತೀನಿ.”

ಮೊದಲನೆಯದು ತಂತಿವಾದ್ಯಗಳಿಗಷ್ಟೇ ಬರೆದ ನಿಧಾನದ ಶಾಸ್ತ್ರೀಯ ರಚನೆ. ಅದರಲ್ಲಿ ಸ್ವರ ಕಂಬದ ಹಾಗೆ ನಿಲ್ಲಬೇಕು, ಒಂದು ಎಳೆ ಅಲ್ಲಾಡಿದರೂ ಕೆರುಬೊ ಕೋಲು ಕೆಳಗಿಡುವಳು. ಎರಡನೆಯದು ಬೆಟ್ಟದವರ ಕುಣಿತದ ಮಟ್ಟುಗಳು. ಅದರಲ್ಲಿ ಮುಖ್ಯ ಮಟ್ಟು ಎರಡನೇ ಪಿಟೀಲಿನವರಿಗೇ ಬಂದಿತ್ತು. ಪಕ್ಕದ ತಂತಿಯನ್ನು ಶ್ರುತಿಯ ಹಾಗೆ ಮೊಳಗಿಸುತ್ತಾ ಓಡುವ ಆ ಮಟ್ಟನ್ನು ವತ್ಸಲಾ ಒಂದೇ ವಾರದಲ್ಲಿ ಎಲ್ಲರಿಗಿಂತ ಚೆನ್ನಾಗಿ ನುಡಿಸಿದಳು. ಮೂರನೆಯದು ಕರಿಯರ ಚರ್ಚಿನ ಹಾಡು, ನಾಲ್ಕನೆಯದು ಹೆಂಡದಂಗಡಿಯ ಪಿಯಾನೋದಿಂದ ವೃಂದಕ್ಕೆ ಇಳಿಸಿದ ರ‍್ಯಾಗ್‌ಟೈಮ್. ಐದನೆಯದು ಮೇ ತಿಂಗಳ ಕೊನೆಗೆ ಬರಲಿದೆ, ಅಮೆರಿಕದ ಒಬ್ಬ ತರುಣ ರಚನಕಾರ ಜ್ಯಾಝ್ ಶೈಲಿಯಲ್ಲಿ ಬರೆಯುತ್ತಿದ್ದಾನೆ ಎಂದಿದ್ದಳು.

ವತ್ಸಲಾ ಮಕ್ಕಳ ತಾಯಂದಿರಿಗೆಲ್ಲ ಹೇಳಿಬಿಟ್ಟಳು. “ಬನ್ನಿ. ಎರಡನೇ ಐಟಂ ಗಮನ ಇಟ್ಟು ಕೇಳಿ.” ಹರ್ಷಿತಾ ಎಂಬ ಶಿಷ್ಯೆಯ ತಾಯಿ ರುಕ್ಮಿಣಿ, ಟೆಲಿಕಾಂ ಕಂಪನಿಯ ಮ್ಯಾನೇಜರನ ಹೆಂಡತಿ, ಬಾಯಿ ಸ್ವಲ್ಪ ಚುರುಕು. “ಯಾಕಾಂಟಿ, ಉಳಿದ ನಾಲ್ಕರಲ್ಲಿ ನಿದ್ದೆ ಮಾಡಬಹುದಾ?” ಎಂದಿದ್ದಳು.

ಮೇ ಕೊನೆಯ ವಾರ ಡೆಂಜಿಲ್‌ಗೆ ಕಣ್ಣಿನ ಪೊರೆ ತೆಗೆದರು. ಬಲಗಣ್ಣಿಗೆ ಮುಚ್ಚಳ, ಎಡಗಣ್ಣು ಮೊದಲೇ ಮಂಜು. ಹದಿನೈದು ದಿನ ಪಿಟೀಲು ಮುಟ್ಟಬಾರದು ಎಂದರು. ಅಂದರೆ ಅವನು ಕಾರ್ಯಕ್ರಮಕ್ಕಿಲ್ಲ. ಅದೇ ವಾರದ ಭಾನುವಾರ ಐದನೆಯ ತುಣುಕಿನ ಹಾಳೆಗಳು ಬಂದವು. ಹೊಸ ರಚನೆ, ಎಲ್ಲಿಯೂ ಯಾರೂ ನುಡಿಸಿಲ್ಲ, ಧ್ವನಿಮುದ್ರಣವಿಲ್ಲ. ವತ್ಸಲಾಳ ಪಕ್ಕದ ಕುರ್ಚಿ ಖಾಲಿ. ಕೆರುಬೊ, “ಮನೆಯಲ್ಲಿ ಕಲಿತು ಬನ್ನಿ, ಮುಂದಿನ ವಾರ ನೇರ ನುಡಿಸೋಣ,” ಎಂದು ಎದ್ದಳು.

ಅವಳು ಹಾಳೆಯನ್ನು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟು ಕೂತಳು. ಮಗಳು ಚೈತನ್ಯಾ ಅಪ್ಪರ್ ಹಿಲ್‌ನ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದಳು. ಇಲ್ಲೇ ಬೆಳೆದವಳು, ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ. “ಅಮ್ಮಾ, ಜಸ್ಟ್ ಟೆಲ್ ಹರ್,” ಎಂದಳು.

“ಏನಂತ ಹೇಳಲಿ? ಮೂರು ವರ್ಷದಿಂದ ಮೋಸ ಮಾಡ್ತಾ ಇದೀನಿ ಅಂತಲಾ?”

“ವೆಲ್, ಯಸ್.”

“ನಿನ್ನ ಫೋನಲ್ಲಿ ಏನೂ ಇಲ್ವಾ ಇದಕ್ಕೆ? ಎಲ್ಲದಕ್ಕೂ ಏನೋ ಒಂದು ಇರುತ್ತಲ್ಲ.”

ಇತ್ತು. ಹಾಳೆಯ ಚಿತ್ರ ತೆಗೆದರೆ ಚುಕ್ಕೆಗಳನ್ನು ಓದಿ ನುಡಿಸಿ ತೋರಿಸುವ ಆ್ಯಪ್. ಚೈತನ್ಯಾ ಹಾಕಿಕೊಟ್ಟಳು. ಫೋನು ಒಂದು ಲೋಹದ ದನಿಯಲ್ಲಿ ಮೊದಲಿನಿಂದ ಕೊನೆಯವರೆಗೆ ನುಡಿಸಿತು. ವತ್ಸಲಾ ಆರು ದಿನ ಅದನ್ನು ಕೇಳಿ, ಬರೆದು, ಬಾಯಿಪಾಠ ಮಾಡಿದಳು. ಟಕ ಟಕ ಟಕ ಟಕ, ಒಂದೇ ಅಳತೆ. ಇದರಲ್ಲಿ ಜ್ಯಾಝ್ ಎಲ್ಲಿದೆಯೋ ಗೊತ್ತಾಗಲಿಲ್ಲ. ಆದರೆ ಅವರ ಕಾಗದದಲ್ಲಿ ಹಾಗಿದೆ ಎಂದಮೇಲೆ ಹಾಗೇ ಇರಬೇಕು. ಈ ಜನ ಎಲ್ಲವನ್ನೂ ಬರೆದಿಡುವವರು, ಬರೆದದ್ದನ್ನೇ ನುಡಿಸುವವರು. ಇದು ಅವಳ ನಂಬಿಕೆ.

ಭಾನುವಾರ ಕೆರುಬೊ ಕೋಲೆತ್ತಿದಳು. ವತ್ಸಲಾ ಶುರು ಮಾಡಿದಳು. ನಾಲ್ಕನೇ ಸ್ವರಕ್ಕೇ ಗೊತ್ತಾಯಿತು, ಸುತ್ತ ಎಲ್ಲರೂ ಬೇರೆ ಏನನ್ನೋ ನುಡಿಸುತ್ತಿದ್ದಾರೆ. ಸ್ವರಗಳು ಅವೇ. ನಡೆ ಅಲ್ಲ. ಅವರು ಒಂದನ್ನು ಎಳೆದು ಒಂದನ್ನು ಚುಟುಕು ಮಾಡುತ್ತಿದ್ದರು. ಇಡೀ ಸಾಲು ಕುಂಟುತ್ತಾ ತೂಗುತ್ತಾ ಹೋಗುತ್ತಿತ್ತು. ಅವರ ಹಿಂದೆ ಹೋಗಲು ನೋಡಿದಳು, ಆದರೆ ಆರು ದಿನ ಕೈಗೆ ಹತ್ತಿಸಿದ್ದು ಬಿಡಲಿಲ್ಲ.

ಕೆರುಬೊ ನಿಲ್ಲಿಸಿದಳು. “ಎರಡನೇ ಪಿಟೀಲಿನಲ್ಲಿ ಯಾರೋ ಹೊಲಿಗೆ ಯಂತ್ರ ತಂದಿದ್ದಾರೆ.”

ನಗು. ವತ್ಸಲಾಳೂ ನಕ್ಕಳು, ಉಳಿದವರಿಗಿಂತ ಒಂದು ಕ್ಷಣ ತಡವಾಗಿ.

“ಮುಂದಿನ ಸಾಲು ಮಾತ್ರ. ಸರಿ. ಹಿಂದಿನ ಸಾಲು. ನಿಲ್ಲಿಸಿ. ಮಾಮಾ ವತ್ಸಲಾ, ಐವತ್ತೇಳನೇ ಬಾರ್‌ನಿಂದ. ನೀವೊಬ್ಬರೇ.” ಹಿರಿಯ ಹೆಂಗಸರನ್ನು ಅಲ್ಲಿ ಅಮ್ಮ ಎನ್ನುವ ಅರ್ಥದಲ್ಲಿ ಮಾಮಾ ಎಂದೇ ಕರೆಯುವುದು.

ಪಕ್ಕದಲ್ಲಿ ಕಮಾನಿಲ್ಲ. ಹಾಳೆಯ ಮೇಲೆ ಚುಕ್ಕೆಗಳು ಇರುವೆಯ ಸಾಲಿನ ಹಾಗೆ. ಅವಳು ಕಮಾನನ್ನು ತಂತಿಯ ಮೇಲಿಟ್ಟು ಕೂತಳು. ಎಲ್ಲಿಂದಾದರೂ ಶುರು ಮಾಡಿಬಿಡಲೇ? ಹೊರಗೆ ರಸ್ತೆಯಲ್ಲಿ ಒಂದು ಮಟಾಟು ವ್ಯಾನು ಹಾರ್ನ್ ಹೊಡೆಯುತ್ತಾ ಹೋಯಿತು. ಯಾರೋ ಕೆಮ್ಮಿದರು.

“ಐವತ್ತೇಳು,” ಎಂದಳು ಕೆರುಬೊ ಮತ್ತೆ.

“ಡಾಕ್ಟರ್, ಮೊದಲಿನಿಂದ ನುಡಿಸಲಾ?”

“ಬೇಡ. ಐವತ್ತೇಳರಿಂದ.”

ಕೆರುಬೊ ವೇದಿಕೆಯಿಂದ ಇಳಿದು ಕುರ್ಚಿಗಳ ನಡುವೆ ಬಂದಳು. ಸ್ಟ್ಯಾಂಡಿನ ಮೇಲಿದ್ದ ಹಾಳೆಯನ್ನು ಎತ್ತಿದಳು. ಅದರ ಅಡಿಯಲ್ಲಿ ನೋಟುಪುಸ್ತಕವಿತ್ತು. ಅದನ್ನೂ ಎತ್ತಿ ತಿರುವಿ ಹಾಕಿದಳು. ದುಂಡಗಿನ ಕನ್ನಡ ಅಕ್ಷರಗಳು, ಪುಟದ ಮೇಲೆ ಪುಟ.

“ಇದೇನು?”

“ನನ್ನ ಲಿಪಿ.”

“ಈ ಹಾಳೆ ಓದಲು ಬರುತ್ತಾ?”

ಉತ್ತರಕ್ಕೆ ದಾರಿಗಳಿದ್ದವು. ಕನ್ನಡಕ ಮರೆತೆ ಎನ್ನಬಹುದಿತ್ತು. ವತ್ಸಲಾ, “ಇಲ್ಲ,” ಎಂದಳು.

ಕೆರುಬೊ ಪುಸ್ತಕವನ್ನು ಮುಚ್ಚಿ ಅವಳ ಮಡಿಲಿಗೆ ಕೊಟ್ಟು, ವೇದಿಕೆ ಹತ್ತಿ, ಅಭ್ಯಾಸ ಮುಂದುವರಿಸಿದಳು. ವತ್ಸಲಾ ಮುಂದಿನ ಒಂದು ಗಂಟೆ ಪಿಟೀಲನ್ನು ತೊಡೆಯ ಮೇಲಿಟ್ಟು ಕೂತಳು. ಎದ್ದು ಹೋಗಲಿಲ್ಲ. ಹೋಗಿ ಎಂದು ಯಾರೂ ಹೇಳಿರಲಿಲ್ಲ.

ಎಲ್ಲರೂ ಹೊರಟ ಮೇಲೆ ಕೆರುಬೊ ಕರೆದಳು. “ನನಗೆ ಫೆಬ್ರವರಿಯಿಂದ ಅನುಮಾನ. ಮಿಸ್ಟರ್ ಡೆಂಜಿಲ್ ತಪ್ಪಿದ ಕಡೆಯಲ್ಲೆಲ್ಲ ನೀವೂ ತಪ್ಪುತ್ತಿದ್ದಿರಿ. ಎರಡು ಬೇರೆ ಬೇರೆ ತಲೆಗಳು ಒಂದೇ ತಪ್ಪು ಮಾಡಲ್ಲ.”

“ಇವತ್ತೊಂದು ಬಿಟ್ಟರೆ ನನ್ನಿಂದ ವೃಂದಕ್ಕೆ ತೊಂದರೆ ಆಗಿಲ್ಲ.”

“ಆಗೇ ಆಗುತ್ತೆ. ವೇದಿಕೆಯ ಮೇಲೆ ಯಾರೋ ದಾರಿ ತಪ್ತಾರೆ, ನಾನು ಒಂದು ಅಂಕಿ ಕೂಗ್ತೀನಿ, ನಲವತ್ತು ಜನ ಒಂದೇ ಉಸಿರಲ್ಲಿ ಅಲ್ಲಿಗೆ ಬರಬೇಕು. ನೀವು ಬರಲ್ಲ. ನೀವು ಉಳಿದವರು ಎಲ್ಲಿಗೆ ಬಂದರು ಅಂತ ನೋಡ್ತೀರಿ.”

ಕೆರುಬೊ ಹೇಳಿದಳು: ಗುರುವಾರ ಸಂಜೆ ಐದಕ್ಕೆ ಬನ್ನಿ. ಐದು ತುಣುಕು, ಪ್ರತಿಯೊಂದರಲ್ಲೂ ನಾಲ್ಕು ಅಂಕಿ ಕೂಗುತ್ತೇನೆ. ತಕ್ಷಣ ಹುಡುಕಿ ನುಡಿಸಬೇಕು. ಒಂದು ತಪ್ಪಿದರೂ ಆ ತುಣುಕಿನಲ್ಲಿ ನಿಮಗೆ ಕುರ್ಚಿ ಇಲ್ಲ. ಶನಿವಾರ ಕಾರ್ಯಕ್ರಮ.

ಮನೆಯಲ್ಲಿ ತ್ರಿವಿಕ್ರಮ, “ಬಿಟ್ಟುಬಿಡು. ಜ್ವರ ಅಂತ ಹೇಳೋಣ. ಅಷ್ಟು ಜನರ ಮುಂದೆ ಯಾಕೆ?” ಎಂದ. ಕಾರ್ಖಾನೆಯಲ್ಲಿ ಒಂದು ಮಾತ್ರೆಯ ಬಣ್ಣ ಮಾಸಿದರೆ ಇಡೀ ಬ್ಯಾಚಿನ ಮಾಲನ್ನು ತಡೆಹಿಡಿಯುವ ಮನುಷ್ಯ. ವತ್ಸಲಾ ಅವನ ಮುಖವನ್ನೇ ನೋಡಿದಳು. ಅವನು ಪತ್ರಿಕೆ ಎತ್ತಿಕೊಂಡ.

ಸೋಮವಾರ ಬೆಳಗ್ಗೆ ಟ್ಯಾಕ್ಸಿ ಹಿಡಿದು ನೈರೋಬಿ ವೆಸ್ಟ್‌ನ ಡೆಂಜಿಲ್‌ನ ಮನೆಗೆ ಹೋದಳು. ಅವನು ಕಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ ಕಟ್ಟಿಕೊಂಡು ಜಗುಲಿಯಲ್ಲಿ ಕೂತಿದ್ದ.

“ಬಾ ಬಾಯ್. ಸಿಕ್ಕಿಬಿದ್ದೆಯಂತೆ!”

“ನಿಮಗೆ ಗೊತ್ತಿತ್ತಾ, ಡೆಂಜಿಲ್‌ಬಾಬ?”

“ಇಬ್ಬರಿಗೂ ಒಂದೇ ಸ್ಟ್ಯಾಂಡ್, ಹಾಳೆ ತಿರುವೋದು ನಾನು. ನಾನು ಒಂದು ಸಲ ಎರಡು ಪುಟ ಒಟ್ಟಿಗೆ ತಿರುವಿದೆ. ನೀನು ಆ ತಪ್ಪು ಪುಟಾನೇ ನೋಡ್ತಾ ಸರಿಯಾಗಿ ನುಡಿಸ್ತಾ ಇದ್ದೆ. ಆವಾಗಿಂದ ಗೊತ್ತು.”

“ಹೇಳಲಿಲ್ಲ?”

“ನೀನು ಕೇಳಲಿಲ್ಲ.”

ಅವಳು ಗುರುವಾರದ ಮಾತು ಹೇಳಿದಳು. ಡೆಂಜಿಲ್ ನಗುವುದನ್ನು ನಿಲ್ಲಿಸಿದ. ನಾಲ್ಕು ದಿನ. ಅವನಿಗೆ ಹಾಳೆ ಕಾಣುವುದಿಲ್ಲ, ಅವಳಿಗೆ ಓದಲು ಬರುವುದಿಲ್ಲ. “ಹಾಗಾದ್ರೆ ಒಂದೇ ದಾರಿ,” ಎಂದ. “ನೀನು ಕಂಡದ್ದನ್ನ ಹೇಳು. ಅದು ಏನು ಅಂತ ನಾನು ಹೇಳ್ತೀನಿ.”

ಹೀಗೆ ಶುರುವಾಯಿತು.

“ದುಂಡನೆಯ ಕಪ್ಪು ತಲೆ, ಬಾಲ ಮೇಲಕ್ಕೆ.”

“ಗೆರೆಯ ಮೇಲೋ, ಗೆರೆಗಳ ನಡುವೆಯೋ?”

“ನಡುವೆ.”

“ಕೆಳಗಿನಿಂದ ಎಣಿಸು.”

“ಎರಡನೆಯ ಸಂದು.”

“ಎ. ನಿನ್ನ ಎರಡನೇ ತಂತಿ, ಬೆರಳಿಲ್ಲದೆ. ಬಾಲಕ್ಕೆ ಬಾವುಟ ಇದೆಯಾ?”

“ಒಂದು. ಅಲ್ಲ... ಪಕ್ಕದ ಚುಕ್ಕೆಗೆ ದಾರದ ಹಾಗೆ ಕಟ್ಟಿದ್ದಾರೆ.”

“ಅರ್ಧ ಎಣಿಕೆ. ಮುಂದೆ.”

ಬೆಳಗ್ಗೆ ಒಂಬತ್ತರಿಂದ ಒಂದರವರೆಗೆ, ಊಟವಾದ ಮೇಲೆ ಎರಡರಿಂದ ಆರರವರೆಗೆ. ಪ್ರತಿ ಸಾಲಿನ ಎಡಗಡೆ ಒಂದು ಸಣ್ಣ ಅಂಕಿಯಿದೆ ಎನ್ನುವುದನ್ನು ಅವಳು ಮೂರು ವರ್ಷದಿಂದ ಕಂಡಿದ್ದಳು. ಅದು ಆ ಸಾಲಿನ ಮೊದಲ ಬಾರ್‌ನ ಸಂಖ್ಯೆ ಎಂದು ಸೋಮವಾರ ಗೊತ್ತಾಯಿತು. ಗಣಿತದವಳಾದ್ದರಿಂದ ಲೆಕ್ಕದ ಭಾಗ ಬೇಗ ಹತ್ತಿತು. ಕಣ್ಣು ಮಾತ್ರ ನಿಧಾನ. ಚುಕ್ಕೆ ಕಂಡು, ಗೆರೆ ಎಣಿಸಿ, ಹೆಸರು ಹಿಡಿದು, ಬೆರಳಿಡುವ ಹೊತ್ತಿಗೆ ಸಂಗೀತ ಮೂರು ಅಂಕಣ ದಾಟಿರುತ್ತಿತ್ತು. ಅವಳ ಶಿಷ್ಯೆಯರಲ್ಲಿ ಯಾರಾದರೂ ಹೀಗೆ ತಡವರಿಸಿದ್ದರೆ ಪಾಠ ಅಲ್ಲಿಗೇ ನಿಲ್ಲುತ್ತಿತ್ತು.

ಮಂಗಳವಾರ ಐದನೆಯ ತುಣುಕಿಗೆ ಬಂದರು.

“ಎಲ್ಲ ಒಂದೇ ಅಳತೆ,” ಎಂದಳು. “ಎರಡೆರಡು ಸಮ ಸಮ ಕಟ್ಟಿದ್ದಾರೆ. ಆದರೆ ಅವರು ಸಮ ನುಡಿಸಲಿಲ್ಲ.”

“ತಲೆಬರಹದ ಕೆಳಗೆ, ಎಡಗಡೆ, ಏನು ಬರೆದಿದೆ?”

“ಸ್ವಿಂಗ್.”

“ಅಷ್ಟೇ. ಆ ಒಂದು ಪದ ಇದ್ದರೆ ಸಮ ಬರೆದದ್ದನ್ನ ಸಮ ನುಡಿಸಬಾರದು. ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಎಷ್ಟು ಉದ್ದ ಅಂತ ಯಾವ ಕಾಗದದಲ್ಲೂ ಇಲ್ಲ. ಕೇಳಿ ಕಲೀಬೇಕು.”

“ಹಾಗಿದ್ದ ಮೇಲೆ ಹಾಗೇ ಬರೆಯೋದಕ್ಕೇನು ಧಾಡಿ?”

“ನೀನು ಗಮಕ ಬರೀತೀಯಾ?”

ಪುಸ್ತಕದಲ್ಲಿರುವುದು ಬರೀ ಎಲುಬಿನ ಗೂಡು, ಮಾಂಸ ಕಿವಿಯಿಂದ ಬರಬೇಕು ಎಂದು ಹದಿನಾಲ್ಕು ಮಕ್ಕಳಿಗೆ ವಾರಕ್ಕೊಮ್ಮೆ ಹೇಳುವವಳು ಅವಳೇ. ತನ್ನ ಸಂಗೀತಕ್ಕೆ ಮಾತ್ರ ಆ ಗೌರವ ಕೊಟ್ಟು, ಇವರದ್ದು ಕಾಗದದಲ್ಲೇ ಮುಗಿಯುತ್ತದೆ ಎಂದುಕೊಂಡಿದ್ದಳು. ಅದು ಓದು ಬಾರದ ತಪ್ಪಲ್ಲ. ಅಹಂಕಾರದ ತಪ್ಪು. ಆರು ದಿನ ಕೇಳಿದ್ದು ಯಂತ್ರ ಎನ್ನುವುದು ಅವಳ ಕಿವಿಗೆ ಗೊತ್ತಿತ್ತು. ಕಿವಿಯ ಮಾತನ್ನು ಅವಳೇ ಕೇಳಲಿಲ್ಲ.

“ಮುಂದೆ ಓದು,” ಎಂದ ಡೆಂಜಿಲ್.

ಐದನೆಯದಕ್ಕೆ ಒಂದೂವರೆ ದಿನ ಹೋಯಿತು. ಬುಧವಾರ ಸಂಜೆ ಡೆಂಜಿಲ್‌ನ ಕಣ್ಣು ನೀರು ಸುರಿಸತೊಡಗಿತು. ಕುಣಿತದ ಮಟ್ಟುಗಳ ಹಾಳೆ ಉಳಿದಿತ್ತು. “ಅದು ನನಗೆ ಚೆನ್ನಾಗಿ ಬರುತ್ತೆ, ಬಿಡಿ,” ಎಂದು ವತ್ಸಲಾಳೇ ಹೇಳಿದಳು. ಅವನಿಗೆ ಕಣ್ಣಿನ ಹನಿ ಹಾಕಿ ಎದ್ದಳು.

ಗುರುವಾರ ಐದಕ್ಕೆ ಹಾಲ್‌ನಲ್ಲಿ ಇಬ್ಬರೇ. ಒಂದು ಕುರ್ಚಿ, ಒಂದು ಸ್ಟ್ಯಾಂಡ್. ಕೆರುಬೊ ಎದುರು ನಿಂತಳು, ಕೈಯಲ್ಲಿ ಪೆನ್ಸಿಲ್.

“ನಿಧಾನದ್ದು. ಹತ್ತೊಂಬತ್ತು.”

ಎಡಗಡೆಯ ಅಂಕಿ ಹದಿನೇಳು. ಒಂದು, ಎರಡು, ಮೂರನೆಯ ಅಂಕಣ. ಎರಡು ಗೆರೆಗಳ ನಡುವೆ, ಬಿಳಿಯ ತಲೆ. ಕಮಾನು ಎಳೆದಳು.

“ನಲವತ್ತಾರು. ಎಂಟು. ಅರವತ್ತು.”

ನಾಲ್ಕೂ ಸರಿ. ಚರ್ಚಿನ ಹಾಡು, ನಾಲ್ಕೂ ಸರಿ. ರ‍್ಯಾಗ್‌ಟೈಮಿನಲ್ಲಿ ಮೂರನೆಯ ಅಂಕಿಗೆ ಒಂದು ಸಾಲು ಕೆಳಗೆ ಹೋಗಿ, ತಂತಿಗೆ ಕಮಾನು ತಾಗುವ ಮೊದಲು ಮೇಲೆ ಬಂದಳು. ಕೆರುಬೊ ಅದನ್ನು ಕಂಡಳು.

“ಹೊಸದು. ಐವತ್ತೇಳು.”

ಇದು ಬಂದೇ ಬರುತ್ತದೆಂದು ಗೊತ್ತಿತ್ತು. ನುಡಿಸಿದಳು, ಉದ್ದ ಗಿಡ್ಡ, ಉದ್ದ ಗಿಡ್ಡ. ಕೆರುಬೊಳ ಪೆನ್ಸಿಲ್ ಅದರ ಜೊತೆ ಸ್ವಲ್ಪ ಅಲ್ಲಾಡಿತು. ಉಳಿದ ಮೂರೂ ಸರಿಯಾದವು.

“ಕುಣಿತದ ಮಟ್ಟು. ಹನ್ನೆರಡು.” ಸರಿ. “ಮೂವತ್ತು.” ಸರಿ. “ನಲವತ್ತನಾಲ್ಕು.”

ವತ್ಸಲಾಳಿಗೆ ಹಾಳೆ ಬೇಕಾಗಲಿಲ್ಲ. ಈ ಮಟ್ಟು ಅವಳ ಬೆರಳಲ್ಲಿತ್ತು. ಮನಸ್ಸಿನಲ್ಲೇ ತಾಳ ಎಣಿಸಿ ನಲವತ್ತನಾಲ್ಕನೆಯ ಆವರ್ತಕ್ಕೆ ಬಂದು ಬಿರುಸಾಗಿ ನುಡಿಸಿದಳು. ಒಂದೇ ಒಂದು ಸ್ವರ ಅಳುಕಲಿಲ್ಲ.

ಕೆರುಬೊ ಪೆನ್ಸಿಲ್ ಕೆಳಗಿಟ್ಟಳು. “ಚೆನ್ನಾಗಿದೆ. ಆದರೆ ಅದು ಇಪ್ಪತ್ತೆಂಟನೇ ಬಾರ್.”

“ಸಾಧ್ಯವೇ ಇಲ್ಲ. ನಾನು ಎಣಿಸಿದೀನಿ.”

“ಕಿವಿಯಲ್ಲಿ ಎಣಿಸಿದಿರಿ. ಇಲ್ಲಿ ನೋಡಿ, ಎರಡು ಚುಕ್ಕೆಯ ಗೋಡೆ. ಇಲ್ಲಿಗೆ ಬಂದು ಹಿಂದಕ್ಕೆ ಹೋಗಬೇಕು. ಎರಡನೇ ಸಲ ನುಡಿಸಿದ್ದಕ್ಕೆ ಹೊಸ ಅಂಕಿ ಇಲ್ಲ. ನಿಮ್ಮ ತಲೆಯಲ್ಲಿ ಇದು ಒಂದೇ ಉದ್ದನೆಯ ಹಗ್ಗ. ಕಾಗದದಲ್ಲಿ ಮಡಚಿದೆ.”

ವತ್ಸಲಾ ಆ ಗೋಡೆಯನ್ನು ನೋಡಿದಳು. ದಪ್ಪ ಗೆರೆ, ಪಕ್ಕದಲ್ಲಿ ಎರಡು ಚುಕ್ಕೆ. ಅದರ ಬಗ್ಗೆ ಡೆಂಜಿಲ್ ಹೇಳಬೇಕಾಗಿದ್ದ ಹೊತ್ತಿಗೆ ಅವಳೇ ಬಿಡಿ ಎಂದಿದ್ದಳು.

“ಡಾಕ್ಟರ್, ಇದನ್ನ ಕಣ್ಣು ಕಟ್ಟಿದರೂ ನುಡಿಸ್ತೀನಿ. ನಿಮ್ಮಲ್ಲಿ ಯಾರಿಗಿಂತಲೂ ಚೆನ್ನಾಗಿ.”

“ಅದು ನನಗೆ ಗೊತ್ತು. ಕಣ್ಣು ಬಿಟ್ಟು ನುಡಿಸ್ತೀರಾ ಅಂತ ಕೇಳಿದ್ದು.”

ಕೆರುಬೊ ತನ್ನ ಚೀಲ ತೆಗೆದುಕೊಂಡಳು. “ನಾಲ್ಕರಲ್ಲಿ ಕೂರಿ. ಎರಡನೆಯದರಲ್ಲಿ ಎದ್ದು ಹೋಗಿ. ಬೇಡವಾದರೆ ಯಾವುದರಲ್ಲೂ ಬೇಡ. ನಾಳೆ ಮಧ್ಯಾಹ್ನದೊಳಗೆ ಹೇಳಿ.”

ನಿರ್ಧಾರವನ್ನು ಅವಳಿಗೇ ಬಿಟ್ಟದ್ದೇ ಕಷ್ಟ. ಪೂರ್ತಿ ಹೊರಗೆ ಹಾಕಿದ್ದರೆ ಜ್ವರ ಬರುತ್ತಿತ್ತು, ಮುಗಿಯುತ್ತಿತ್ತು. ಈಗ ಪಾಠಕ್ಕೆ ಬರುವ ಮಕ್ಕಳ ಹನ್ನೊಂದು ಮನೆಯವರ ಕಣ್ಣೆದುರು, ಅವರೆಲ್ಲ ಕಾದು ಕೂತ ತುಣುಕಿಗೆ ಸರಿಯಾಗಿ, ಅವಳು ಎದ್ದು ಹೋಗಬೇಕು. ರುಕ್ಮಿಣಿ ಅದನ್ನು ಒಂದು ವರ್ಷ ಹೇಳಿಕೊಂಡು ತಿರುಗುವಳು. ಒಂದೆರಡು ಮಕ್ಕಳು ಪಾಠ ಬಿಡಬಹುದು. ವತ್ಸಲಾ ಅದನ್ನೆಲ್ಲ ಯೋಚಿಸಿದಳು. ಶುಕ್ರವಾರ ಹನ್ನೊಂದೂವರೆಗೆ ಫೋನಿನಲ್ಲಿ ಒಂದೇ ಸಾಲು ಕಳಿಸಿದಳು: ‘ನಾಲ್ಕರಲ್ಲಿ ಕೂರುತ್ತೇನೆ.’

ಶನಿವಾರ ಅವಳೂ ತ್ರಿವಿಕ್ರಮನೂ ಗಿಗಿರಿಯ ಗೇಟಿನಲ್ಲಿ ಪಿಟೀಲಿನ ಪೆಟ್ಟಿಗೆಯನ್ನು ತಪಾಸಣೆಯ ಯಂತ್ರದೊಳಗೆ ಕಳಿಸಿ, ಗುರುತಿನ ಚೀಟಿ ಕೊಟ್ಟು, ಒಳಗೆ ಹೋದರು. ಸಭಾಂಗಣ ತುಂಬಿತ್ತು. ಮೂರನೆಯ ಸಾಲಿನಲ್ಲಿ ರುಕ್ಮಿಣಿಯ ರೇಷ್ಮೆ ಸೀರೆ, ಅವಳ ಪಕ್ಕ ಹರ್ಷಿತಾ, ಆಮೇಲೆ ಉಳಿದವರು. ತ್ರಿವಿಕ್ರಮ ತುದಿಯಲ್ಲಿ, ತಲೆ ತಗ್ಗಿಸಿಕೊಂಡು.

ನಿಧಾನದ ರಚನೆ ಮುಗಿಯಿತು. ಚಪ್ಪಾಳೆ. ಕೆರುಬೊ ಮುಂದಿನದನ್ನು ಹೇಳಲು ಮೈಕಿನ ಕಡೆ ತಿರುಗಿದಳು. ವತ್ಸಲಾ ಎದ್ದಳು. ಕುರ್ಚಿಗಳ ನಡುವೆ ದಾರಿ ಇಕ್ಕಟ್ಟು. ಚೆಲೋ ನುಡಿಸುವವನು ಕಾಲು ಹಿಂದೆಳೆದುಕೊಂಡ. ಹನ್ನೆರಡು ಹೆಜ್ಜೆ. ಪಿಟೀಲನ್ನು ಎಡಗೈಯಲ್ಲಿ ನೇರ ಹಿಡಿದು, ಬೇಗವೂ ಅಲ್ಲದೆ ನಿಧಾನವೂ ಅಲ್ಲದೆ ನಡೆದಳು. ಮೂರನೆಯ ಸಾಲಿನಲ್ಲಿ ಪಿಸುಮಾತು ಹುಟ್ಟಿದ್ದು ಕೇಳಿಸಿತು. ಪರದೆಯ ಹಿಂದೆ ಹೋಗಿ ನಿಂತಳು.

ವೃಂದ ಕುಣಿತದ ಮಟ್ಟು ಎತ್ತಿಕೊಂಡಿತು. ಅವಳಿಲ್ಲದೆಯೂ ಅದು ಓಡಿತು. ಕೇಳುವವರಿಗೆ ಒಂದು ಪಿಟೀಲು ಕಡಿಮೆ ಎಂದು ಗೊತ್ತಾಗುವ ಹಾಗೇ ಇರಲಿಲ್ಲ. ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ವಿರಾಮದಲ್ಲಿ ಹಣ್ಣಿನ ರಸದ ಮೇಜಿನ ಹತ್ತಿರ ರುಕ್ಮಿಣಿ ಹಿಡಿದಳು. “ಏನಾಂಟಿ ಇದು! ಆ ಐಟಂಗೇ ಅಂತ ನಮ್ಮನ್ನ ಕರೆಸಿ ಅದರಲ್ಲೇ ಎದ್ದು ಹೋದ್ರಿ? ಬಿ.ಪಿ. ಏನಾದ್ರೂ...?”

“ಹೌದು, ಬೆಳಗ್ಗಿಂದ ಸ್ವಲ್ಪ...” ಎಂದು ತ್ರಿವಿಕ್ರಮ ಶುರು ಮಾಡಿದ.

“ಬಿ.ಪಿ. ಅಲ್ಲ,” ಎಂದಳು ವತ್ಸಲಾ. “ಪರೀಕ್ಷೆ ಇತ್ತು. ಅದರಲ್ಲಿ ಫೇಲಾದೆ.”

ರುಕ್ಮಿಣಿ ಜೋರಾಗಿ ನಕ್ಕಳು. “ನಿಮ್ಮನ್ನ ಯಾರಾಂಟಿ ಪರೀಕ್ಷೆ ಮಾಡೋರು?”

“ಅಗೋ, ಆಕೆ. ನನಗೆ ಅವರ ಲಿಪಿ ಓದೋಕೆ ಬರ್ತಿರಲಿಲ್ಲ. ಬರುತ್ತೆ ಅಂತ ಸುಳ್ಳು ಹೇಳಿ ಸೇರಿಕೊಂಡಿದ್ದೆ. ಈಗ ಸ್ವಲ್ಪ ಬರುತ್ತೆ.”

ರುಕ್ಮಿಣಿಯ ನಗು ಅರ್ಧಕ್ಕೆ ನಿಂತಿತು. ಲೋಟವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು.

ಹರ್ಷಿತಾ, ಹನ್ನೊಂದು ವರ್ಷದ ಹುಡುಗಿ, ಟೀಚರನ್ನೇ ದಿಟ್ಟಿಸಿ ನೋಡುತ್ತಿದ್ದಳು. “ಯು ಫೇಲ್ಡ್? ರಿಯಲಿ?”

“ಹೌದು.”

“ಸೋ ವಾಟ್ ಹ್ಯಾಪನ್ಸ್ ನೌ?”

“ಇನ್ನು ಮೂರಿದೆ. ಹೋಗಿ ನುಡಿಸ್ತೀನಿ.”

ಗಂಟೆ ಬಾರಿಸಿತು. ವತ್ಸಲಾ ಮುಟ್ಟದ ರಸದ ಲೋಟವನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು.